ಲಿನಕ್ಸ್‌ನಲ್ಲಿ ವೈಫೈ ಕಾರ್ಡ್

ವೈಫೈ ಕಾರ್ಡ್ ಎಂದರೆ ಕಂಪ್ಯೂಟರನ್ನು ತಂತಿಯ ನೆರವಿಲ್ಲದೆ, ರೇಡಿಯೊ ಅಲೆಗಳ ಮೂಲಕ ಸ್ಥಳೀಯ ಜಾಲಕ್ಕೆ ಸೇರಿಸುವ ಯಂತ್ರಾಂಶ. ನಿಸ್ತಂತು ಜಾಲ ಕಾರ್ಡ್ ಎಂದೂ ಇದನ್ನು ಕರೆಯುತ್ತಾರೆ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಇಂಥ ಕಾರ್ಡ್ ಪೂರ್ತಿಯಾಗಿ ಕೆಲಸಮಾಡಲು ಸಾಮಾನ್ಯವಾಗಿ ಮೂರು ಸಂಗತಿಗಳು ಕೂಡಿಬರಬೇಕು. ಕಾರ್ಡಿನ ಚಿಪ್ಪನ್ನು ಬಲ್ಲ ಡ್ರೈವರ್, ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿರಬೇಕು. ಚಿಪ್ಪಿನೊಳಗೆ ಓಡಬೇಕಾದ ಫರ್ಮ್‌ವೇರ್ ಕಡತ ಡಿಸ್ಕಿನಲ್ಲಿರಬೇಕು. ಯಾವ ದೇಶದ ರೇಡಿಯೊ ನಿಯಮ ಅನ್ವಯಿಸುತ್ತದೆ ಎಂಬುದು ಕರ್ನಲ್‌ಗೆ ಗೊತ್ತಿರಬೇಕು. ಇವುಗಳಲ್ಲಿ ಮೊದಲ ಎರಡು ಬಳಕೆದಾರನ ಜಾಣ್ಮೆಗಿಂತ ಚಿಪ್ ತಯಾರಕರ ನಡೆಯನ್ನೇ ಹೆಚ್ಚು ಅವಲಂಬಿಸಿವೆ. ತಯಾರಕರು ಡ್ರೈವರಿನ ಆಕರವನ್ನು (ಸೋರ್ಸ್ ಕೋಡ್) ಬಿಡುಗಡೆ ಮಾಡಿ, ಅದು ಮುಖ್ಯ ಕರ್ನಲ್‌ಗೆ ಸೇರಿದ್ದರೆ ಕಾರ್ಡ್ ಯಾವ ಪ್ರಯಾಸವೂ ಇಲ್ಲದೆ ಮೊದಲ ಬೂಟ್‌ನಲ್ಲೇ ನಡೆಯುತ್ತದೆ. ಇಲ್ಲದಿದ್ದಲ್ಲಿ ಎಷ್ಟು ಬಲ್ಲವರಿಗೂ ತೊಡಕು ತಪ್ಪಿದ್ದಲ್ಲ.

ಈ ಲೇಖನದಲ್ಲಿ ಡ್ರೈವರ್ ಎಂದರೆ ಕರ್ನಲ್‌ನೊಳಗೆ, ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಮೇಲೆ ಓಡುವ ತಂತ್ರಾಂಶ. ಫರ್ಮ್‌ವೇರ್ ಎಂದರೆ ಕಾರ್ಡಿನದೇ ಪುಟ್ಟ ಪ್ರೊಸೆಸರ್ ಮೇಲೆ ಓಡುವ ತಂತ್ರಾಂಶ. ಮಾತಿನ ಬಳಕೆಯಲ್ಲಿ ಎರಡೂ ಬೆರೆತುಹೋಗಿದ್ದು, ದೋಷ ಹುಡುಕುವಾಗ ಆಗುವ ಗೊಂದಲದ ದೊಡ್ಡ ಪಾಲು ಇಲ್ಲಿಂದಲೇ ಹುಟ್ಟುತ್ತದೆ.

ಇತಿಹಾಸ

ವೈಫೈಗೆ ಆಧಾರವಾದ 802.11 ಮಾನಕವನ್ನು ಐಇಇಇ ಸಂಸ್ಥೆ 1997ರಲ್ಲಿ ಪ್ರಕಟಿಸಿತು. 802.11ಎ ಮತ್ತು 802.11ಬಿ 1999ರಲ್ಲಿ, 802.11ಜಿ 2003ರಲ್ಲಿ, 802.11ಎನ್ 2009ರಲ್ಲಿ ಬಂದವು. ಲಿನಕ್ಸ್‌ನಲ್ಲಿ ನಿಸ್ತಂತು ಕಾರ್ಡುಗಳ ಕೆಲಸ ಈ ಮಾನಕಕ್ಕಿಂತ ತುಸು ಮುಂಚೆಯೇ ಆರಂಭವಾಗಿತ್ತು. ಎಚ್‌ಪಿ ಸಂಸ್ಥೆಯ ಜಾನ್ ಟೂರಿಲ್ 1996ರ ಸುಮಾರಿಗೆ ವೈರ್‌ಲೆಸ್ ಎಕ್ಸ್‌ಟೆನ್ಷನ್ಸ್ ಎಂಬ ಸಂಪರ್ಕಸೂತ್ರವನ್ನು ರೂಪಿಸಿದರು. ಜಾಲದ ಹೆಸರು, ಚಾನಲ್, ಗುಪ್ತಪದ ಇವನ್ನು ಡ್ರೈವರಿಗೆ ತಿಳಿಸುವ ಏಕರೂಪದ ದಾರಿ ಇದಾಗಿತ್ತು. ಇದರ ಜೊತೆಗೆ ಬಂದ ಐಡಬ್ಲ್ಯುಕಾನ್ಫಿಗ್ ಕಮಾಂಡ್ ಮುಂದಿನ ಹತ್ತು ವರ್ಷಕ್ಕೂ ಮಿಕ್ಕಿ ಬಳಕೆಯಲ್ಲಿತ್ತು.

ಮೊದಲ ಪೀಳಿಗೆಯ ಕಾರ್ಡುಗಳಲ್ಲಿ ಇಂಟರ್‌ಸಿಲ್‌ನ ಪ್ರಿಸಂ ಚಿಪ್ ಮುಖ್ಯವಾದುದು. ಫಿನ್ಲೆಂಡಿನ ಯೊವ್ನಿ ಮಾಲಿನೆನ್ ಅದಕ್ಕೆ ಹೋಸ್ಟ್‌ಎಪಿ ಎಂಬ ಡ್ರೈವರ್ ಬರೆದರು. ಸಾಮಾನ್ಯ ಕಂಪ್ಯೂಟರನ್ನೇ ವೈಫೈ ಕೇಂದ್ರವಾಗಿ ಮಾರ್ಪಡಿಸಬಲ್ಲ ಡ್ರೈವರ್ ಅದು. ಅದರ ಒಡಲಿನಿಂದಲೇ ಬೆಳೆದ ಹೋಸ್ಟ್‌ಎಪಿಡಿ ಮತ್ತು ಡಬ್ಲ್ಯುಪಿಎ ಸಪ್ಲಿಕಂಟ್ ಎಂಬ ಎರಡು ತಂತ್ರಾಂಶಗಳು ಇಂದಿಗೂ ಲಿನಕ್ಸ್ ವೈಫೈನ ಬೆನ್ನೆಲುಬಾಗಿವೆ. ಆಂಡ್ರಾಯ್ಡ್ ಫೋನುಗಳಲ್ಲಿಯೂ ಇವೇ ಇವೆ.

2002ರ ನಂತರ ಲ್ಯಾಪ್‌ಟಾಪ್‌ಗಳೊಳಗೇ ವೈಫೈ ಬರತೊಡಗಿದಾಗ ಸಂಕಟ ಶುರುವಾಯಿತು. ಬ್ರಾಡ್‌ಕಾಮ್ ತನ್ನ ಚಿಪ್ಪುಗಳ ವಿವರವನ್ನು ಕೊಡಲಿಲ್ಲ. ಅಥೆರೋಸ್ ಕಾರ್ಡುಗಳಿಗೆ ಮ್ಯಾಡ್‌ವೈಫೈ ಡ್ರೈವರ್ ಇತ್ತಾದರೂ ಅದರ ಒಳತಿರುಳು ಆಕರವಿಲ್ಲದ ಬೈನರಿಯಾಗಿತ್ತು. ಇಂಟೆಲ್‌ನ 3945 ಕಾರ್ಡಿಗೆ ಆಕರವಿಲ್ಲದ ಹಿನ್ನೆಲೆ ಪ್ರೋಗ್ರಾಂ ಒಂದು ಸದಾ ಓಡುತ್ತಿರಬೇಕಿತ್ತು. ಈ ಇಕ್ಕಟ್ಟಿನಲ್ಲಿ ಹುಟ್ಟಿದ್ದು ಎನ್‌ಡಿಐಎಸ್‌ರ‍್ಯಾಪರ್. ವಿಂಡೋಸ್ ಎಕ್ಸ್‌ಪಿಯ ಡ್ರೈವರನ್ನೇ ಲಿನಕ್ಸ್ ಕರ್ನಲ್‌ನೊಳಗೆ ಓಡಿಸುವ ಹೊಂದಾಣಿಕೆ ಪದರ ಇದು. ಕಾರ್ಡಿನ ಜೊತೆ ಬಂದ ಸಿಡಿಯಿಂದ ಐಎನ್‌ಎಫ್ ಕಡತವನ್ನು ತೆಗೆದು ಇದಕ್ಕೆ ಒದಗಿಸಬೇಕಿತ್ತು. ಅಂದಿನ ಬಳಕೆದಾರರಿಗೆ ಇದು ಆಸರೆಯಾಯಿತು, ಆದರೆ ಕರ್ನಲ್ ಕುಸಿದರೆ ಕಾರಣ ಹುಡುಕಲು ದಾರಿಯೇ ಇರುತ್ತಿರಲಿಲ್ಲ.

ಬ್ರಾಡ್‌ಕಾಮ್ ಚಿಪ್ಪನ್ನು ಕೆಲವು ಅಭಿವೃದ್ಧಿಕಾರರು ಹೊರಗಿನಿಂದಲೇ ಪರೀಕ್ಷಿಸಿ ಅರಿತರು. ಒಂದು ತಂಡ ಚಿಪ್ಪಿನ ನಡವಳಿಕೆಯನ್ನು ಗಮನಿಸಿ ವಿವರಣೆ ಬರೆಯುವುದು, ಇನ್ನೊಂದು ತಂಡ ಆ ವಿವರಣೆಯನ್ನಷ್ಟೇ ನೋಡಿ ಡ್ರೈವರ್ ಬರೆಯುವುದು – ಕೃತಿಸ್ವಾಮ್ಯದ ತಕರಾರು ಬಾರದಂತೆ ಈ ಎರಡು ಹಂತದ ವಿಧಾನವನ್ನು ಪಾಲಿಸಲಾಯಿತು. ಹೀಗೆ ಸಿದ್ಧವಾದ ಡ್ರೈವರ್ 2006ರ ಜೂನ್‌ನಲ್ಲಿ 2.6.17 ಕರ್ನಲ್‌ಗೆ ಸೇರಿತು. ಅದರ ಮುಂದಿನ ರೂಪವೇ ಬಿ43. ಅಥೆರೋಸ್ ಚಿಪ್ಪುಗಳಿಗೆ ಓಪನ್‌ಬಿಎಸ್‌ಡಿ ಯೋಜನೆಯ ಮುಕ್ತ ಆಕರದ ನೆರವಿನಿಂದ ಎಟಿಎಚ್5ಕೆ ರೂಪುಗೊಂಡಿತು. ಆ ಆಕರದ ಬಗ್ಗೆ ಎದ್ದ ಕೃತಿಸ್ವಾಮ್ಯದ ಶಂಕೆಯನ್ನು ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್ 2007ರಲ್ಲಿ ಪರಿಶೀಲಿಸಿ ಬಗೆಹರಿಸಿತು.

ಡ್ರೈವರುಗಳೆಲ್ಲಕ್ಕೂ ಸಾಮಾನ್ಯವಾದ ಭಾಗವನ್ನು ಪ್ರತಿಯೊಬ್ಬರೂ ತಾವೇ ಬರೆದುಕೊಳ್ಳುತ್ತಿದ್ದುದು ಆ ಕಾಲದ ಇನ್ನೊಂದು ಕೊರತೆ. ಡಿವೈಸ್‌ಸ್ಕೇಪ್ ಕಂಪನಿ ತನ್ನ ನಿಸ್ತಂತು ತಂತ್ರಾಂಶವನ್ನು 2006ರಲ್ಲಿ ಜಿಪಿಎಲ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಅದು ಮ್ಯಾಕ್80211 ಎಂಬ ಹೆಸರಿನಲ್ಲಿ 2007ರ ಜುಲೈನ 2.6.22 ಕರ್ನಲ್‌ಗೆ ಸೇರಿದ್ದೇ ಈ ಇತಿಹಾಸದ ನಿಜವಾದ ತಿರುವು. ಮರುವರ್ಷ ಅಥೆರೋಸ್ ಎಟಿಎಚ್9ಕೆ ಎಂಬ ಪೂರ್ಣ ಮುಕ್ತ ಡ್ರೈವರನ್ನು ತಾನೇ ಬಿಡುಗಡೆ ಮಾಡಿತು. ಅದು 2008ರ ಅಕ್ಟೋಬರಿನ 2.6.27 ಕರ್ನಲ್‌ನಲ್ಲಿ ಬಂತು. ಬ್ರಾಡ್‌ಕಾಮ್ 2010ರ ಸೆಪ್ಟೆಂಬರಿನಲ್ಲಿ ತನ್ನ ಹೊಸ ಚಿಪ್ಪುಗಳಿಗೆ ಮುಕ್ತ ಡ್ರೈವರ್ ಪ್ರಕಟಿಸಿತು. ಅಲ್ಲಿಂದ ಮುಂದೆ ಮುಕ್ತ ಡ್ರೈವರ್ ಕೊಡದಿರುವುದೇ ಅಪವಾದವಾಯಿತು.

ತಯಾರಕರು ಕೈಬಿಟ್ಟ ಕಾರ್ಡುಗಳನ್ನು ಉಳಿಸಿದವರಲ್ಲಿ ಅಮೆರಿಕದ ಲ್ಯಾರಿ ಫಿಂಗರ್ ಅವರ ಹೆಸರನ್ನು ಹೇಳಲೇಬೇಕು. ಬಿ43 ಹಾಗೂ ರಿಯಲ್‌ಟೆಕ್ ಡ್ರೈವರುಗಳನ್ನು ಅವರು ವರ್ಷಾನುಗಟ್ಟಲೆ ನೋಡಿಕೊಂಡರು, 2024ರ ಜೂನ್‌ನಲ್ಲಿ ತೀರಿಕೊಂಡರು. ಭಾರತದ ಕೊಡುಗೆಯೂ ಇದೆ: ಹೈದರಾಬಾದಿನಲ್ಲಿ ಅಭಿವೃದ್ಧಿ ಕೇಂದ್ರವಿದ್ದ ರೆಡ್‌ಪೈನ್ ಸಿಗ್ನಲ್ಸ್ ತನ್ನ ಚಿಪ್ಪುಗಳಿಗೆ ಬರೆದ ಡ್ರೈವರ್ 2014ರಲ್ಲಿ ಮುಖ್ಯ ಕರ್ನಲ್‌ಗೆ ಸೇರಿತು. ಬೆಂಗಳೂರಿನಲ್ಲಿ 2001ರಲ್ಲಿ ಲಿನಕ್ಸ್ ಬ್ಯಾಂಗಲೋರ್ ಹೆಸರಿನಲ್ಲಿ ಆರಂಭವಾಗಿ, 2005ರಿಂದ ಫಾಸ್ ಡಾಟ್ ಇನ್ ಎನಿಸಿಕೊಂಡು 2012ರವರೆಗೆ ನಡೆದ ಸಮ್ಮೇಳನ ದೇಶದ ಕರ್ನಲ್ ಅಭಿವೃದ್ಧಿಕಾರರು ಹೊರದೇಶದವರನ್ನು ಮುಖಾಮುಖಿ ಕಾಣುತ್ತಿದ್ದ ಮುಖ್ಯ ತಾಣವಾಗಿತ್ತು.

ರಚನೆ

ಕಾರ್ಡಿನಲ್ಲಿ ರೇಡಿಯೊ ಭಾಗ, ಸಂಕೇತಗಳನ್ನು ಅಂಕಿಗಳಾಗಿ ಮಾರ್ಪಡಿಸುವ ಬೇಸ್‌ಬ್ಯಾಂಡ್ ಭಾಗ, ಯಾರು ಯಾವಾಗ ಪ್ರಸಾರ ಮಾಡಬೇಕೆಂದು ನಿರ್ಧರಿಸುವ ಮ್ಯಾಕ್ ಭಾಗ ಇರುತ್ತವೆ. ಈಗಿನ ಕಾರ್ಡುಗಳಲ್ಲಿ ಮೂರೂ ಒಂದೇ ಚಿಪ್ಪಿನಲ್ಲಿ ಅಡಕವಾಗಿದ್ದು, ಬಹುಪಾಲು ಕಾರ್ಡುಗಳಲ್ಲಿ ಬ್ಲೂಟೂತ್ ಕೂಡ ಅದರಲ್ಲೇ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಆಂಟೆನಾ ಕಾರ್ಡಿನ ಮೇಲಿರುವುದಿಲ್ಲ. ಪರದೆಯ ಅಂಚಿನಲ್ಲಿದ್ದು ಎರಡು ತೆಳು ತಂತಿಗಳ ಮೂಲಕ ಕಾರ್ಡಿಗೆ ಸೇರುತ್ತದೆ. ರಿಪೇರಿಯ ವೇಳೆ ಈ ತಂತಿ ಕಳಚಿದರೆ ಪಕ್ಕದಲ್ಲೇ ಇರುವ ರೌಟರ್ ಮಾತ್ರ ಕಾಣಿಸುತ್ತದೆ, ಗೋಡೆಯಾಚೆಯದು ಕಾಣುವುದಿಲ್ಲ.

ತಂತ್ರಾಂಶದ ಭಾಗ ಪದರಪದರವಾಗಿದೆ. ತಳದಲ್ಲಿ ಚಿಪ್ಪಿಗೆ ಮೀಸಲಾದ ಡ್ರೈವರ್ ಮಾಡ್ಯೂಲ್. ಅದರ ಮೇಲೆ, ಜಾಲವನ್ನು ಸೇರುವ ಬಿಡುವ ಕೆಲಸಗಳನ್ನು ಎಲ್ಲ ಡ್ರೈವರುಗಳ ಪರವಾಗಿ ಮಾಡುವ ಮ್ಯಾಕ್80211. ಅದರ ಮೇಲೆ ಸಂರಚನೆ ಮತ್ತು ದೇಶದ ನಿಯಮಗಳನ್ನು ನೋಡಿಕೊಳ್ಳುವ ಸಿಎಫ್‌ಜಿ80211. ಕರ್ನಲ್‌ನ ಹೊರಗಿನ ಪ್ರೋಗ್ರಾಂಗಳು ಇದರೊಡನೆ ಎನ್‌ಎಲ್80211 ಎಂಬ ಸಂಪರ್ಕಸೂತ್ರದ ಮೂಲಕ ಮಾತಾಡುತ್ತವೆ. ಹೊರಗಡೆ, ಗುಪ್ತಪದದ ವ್ಯವಹಾರ ನಡೆಸುವ ಡಬ್ಲ್ಯುಪಿಎ ಸಪ್ಲಿಕಂಟ್ ಅಥವಾ ಇಂಟೆಲ್ ಬರೆದ ಐಡಬ್ಲ್ಯುಡಿ; ಅದರ ಮೇಲೆ, ರೆಡ್‌ಹ್ಯಾಟ್ 2004ರಲ್ಲಿ ಆರಂಭಿಸಿದ ನೆಟ್‌ವರ್ಕ್‌ಮ್ಯಾನೇಜರ್. ಪರದೆಯ ಮೂಲೆಯಲ್ಲಿ ಕಾಣುವ ವೈಫೈ ಚಿಹ್ನೆ ಈ ಕೊನೆಯ ಪದರದ್ದು. ಚಿಹ್ನೆ ಮಾಯವಾದರೆ ದೋಷ ಸಾಮಾನ್ಯವಾಗಿ ತಳದಲ್ಲಿರುತ್ತದೆ. ಚಿಹ್ನೆ ಇದ್ದು, ಜಾಲಗಳ ಪಟ್ಟಿಯೂ ಕಂಡು, ಸೇರಲು ಮಾತ್ರ ಆಗದಿದ್ದರೆ ದೋಷ ಹೆಚ್ಚಾಗಿ ಮೇಲಿನ ಪದರಗಳಲ್ಲಿರುತ್ತದೆ.

ಫರ್ಮ್‌ವೇರ್ ಈ ಪದರಗಳ ಪಕ್ಕದಲ್ಲಿ ನಿಲ್ಲುತ್ತದೆ. ಕಾರ್ಡಿಗೆ ವಿದ್ಯುತ್ ಬಂದೊಡನೆ ಡ್ರೈವರ್, ಲಿಬ್ ಫೋಲ್ಡರಿನೊಳಗಿನ ಫರ್ಮ್‌ವೇರ್ ಫೋಲ್ಡರಿನಿಂದ ನಿಗದಿತ ಹೆಸರಿನ ಕಡತವನ್ನು ಓದಿ ಚಿಪ್ಪಿಗೆ ತುಂಬುತ್ತದೆ. ಕಡತ ಸಿಗದಿದ್ದರೆ ಕರ್ನಲ್ ದಾಖಲೆಯಲ್ಲಿ ಫರ್ಮ್‌ವೇರ್ ತುಂಬಲಾಗಲಿಲ್ಲ ಎಂಬ ಸಾಲಿನೊಂದಿಗೆ –2 ಎಂಬ ದೋಷಸಂಖ್ಯೆ ಮೂಡುತ್ತದೆ. ಕಡತವೇ ಇಲ್ಲ ಎಂಬುದು ಆ ಸಂಖ್ಯೆಯ ಅರ್ಥ.

ಬಗೆಗಳು

ಜೋಡಣೆಯ ದೃಷ್ಟಿಯಿಂದ ಹಳೆಯ ಪಿಸಿಎಂಸಿಐಎ ಕಾರ್ಡ್, ಮಿನಿ ಪಿಸಿಐ, ಮಿನಿ ಪಿಸಿಐ ಎಕ್ಸ್‌ಪ್ರೆಸ್, ಈಗಿನ ಎಂ.2, ಯುಎಸ್‌ಬಿ ಡಾಂಗಲ್, ರಾಸ್ಪ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರುಗಳಲ್ಲಿ ಬೋರ್ಡಿಗೇ ಬೆಸೆದ ಎಸ್‌ಡಿಐಒ ಚಿಪ್ – ಹೀಗೆ ವಿಂಗಡಿಸಬಹುದು. ಇಂಟೆಲ್‌ನ ಸಿಎನ್‌ವಿಐ ಕಾರ್ಡುಗಳು ನೋಡಲು ಎಂ.2 ಕಾರ್ಡಿನಂತೆಯೇ ಇದ್ದರೂ ವೈಫೈನ ಅರ್ಧ ಭಾಗ ಇಂಟೆಲ್ ಚಿಪ್‌ಸೆಟ್‌ನೊಳಗಿರುತ್ತದೆ. ಆದ್ದರಿಂದ ಎಎಂಡಿ ಬೋರ್ಡಿಗೆ ಹಾಕಿದರೆ ಅವು ಯಾವ ಕಾರ್ಯಾಚರಣ ವ್ಯವಸ್ಥೆಯಲ್ಲೂ ನಡೆಯುವುದಿಲ್ಲ. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯಾಸ್, ತಯಾರಕರು ಅನುಮತಿಸಿದ ಕಾರ್ಡುಗಳನ್ನು ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ. ಕಾರ್ಡ್ ಬದಲಾಯಿಸುವ ಮುನ್ನ ಇದನ್ನು ತಿಳಿದುಕೊಳ್ಳಬೇಕು.

ಕೆಲಸದ ಹಂಚಿಕೆಯ ದೃಷ್ಟಿಯಿಂದ ಸಾಫ್ಟ್‌ಮ್ಯಾಕ್ ಮತ್ತು ಫುಲ್‌ಮ್ಯಾಕ್ ಎಂಬ ಎರಡು ಬಗೆ. ಸಾಫ್ಟ್‌ಮ್ಯಾಕ್ ಕಾರ್ಡುಗಳಲ್ಲಿ ಜಾಲ ಸೇರುವ ನಿರ್ಧಾರಗಳು ಮ್ಯಾಕ್80211ದಲ್ಲಿ ಆಗುತ್ತವೆ. ಫುಲ್‌ಮ್ಯಾಕ್‌ನಲ್ಲಿ ಅವು ಕಾರ್ಡಿನ ಫರ್ಮ್‌ವೇರಿನೊಳಗೇ ಮುಗಿಯುತ್ತವೆ. ರಾಸ್ಪ್‌ಬೆರಿ ಪೈ ಬೋರ್ಡುಗಳ ವೈಫೈ ಎರಡನೆಯ ಬಗೆಯದು. ಸುತ್ತಲಿನ ಎಲ್ಲ ಸಂಕೇತಗಳನ್ನು ಆಲಿಸುವ ಮಾನಿಟರ್ ಮೋಡ್, ಸಾಧನಗಳೇ ಪರಸ್ಪರ ಜೋಡಿಕೊಳ್ಳುವ ಮೆಶ್ ಮೊದಲಾದ ವಿಶೇಷ ಸೌಲಭ್ಯಗಳು ಸಾಫ್ಟ್‌ಮ್ಯಾಕ್ ಕಾರ್ಡುಗಳಲ್ಲಿ ಸುಲಭವಾಗಿ ದೊರೆಯುತ್ತವೆ.

ಕೊಳ್ಳುವವರಿಗೆ ಮುಖ್ಯವಾದ ವಿಂಗಡಣೆ ಚಿಪ್ ತಯಾರಕರದ್ದು. ಇಂಟೆಲ್ ಕಾರ್ಡುಗಳಿಗೆ ಐಡಬ್ಲ್ಯುಎಲ್‌ವೈಫೈ, ಕ್ವಾಲ್‌ಕಾಮ್ ಅಥೆರೋಸ್‌ಗೆ ಎಟಿಎಚ್9ಕೆಯಿಂದ ಎಟಿಎಚ್12ಕೆವರೆಗಿನ ಸರಣಿ, ಮೀಡಿಯಾಟೆಕ್‌ಗೆ ಎಂಟಿ76, ರಿಯಲ್‌ಟೆಕ್‌ಗೆ ಆರ್‌ಟಿಎಲ್‌ವೈಫೈ, ಆರ್‌ಟಿಡಬ್ಲ್ಯು88 ಮತ್ತು ಆರ್‌ಟಿಡಬ್ಲ್ಯು89, ಬ್ರಾಡ್‌ಕಾಮ್‌ಗೆ ಬಿ43, ಬಿಆರ್‌ಸಿಎಂಸ್ಮ್ಯಾಕ್, ಬಿಆರ್‌ಸಿಎಂಎಫ್‌ಮ್ಯಾಕ್ ಡ್ರೈವರುಗಳಿವೆ. ಬ್ರಾಡ್‌ಕಾಮ್‌ನ ಕೆಲವು ಚಿಪ್ಪುಗಳು, ಉದಾಹರಣೆಗೆ ಹಳೆಯ ಮ್ಯಾಕ್‌ಬುಕ್‌ಗಳಲ್ಲಿರುವ ಬಿಸಿಎಂ4360, ಇಂದಿಗೂ ಡಬ್ಲ್ಯುಎಲ್ ಎಂಬ ಆಕರವಿಲ್ಲದ ಡ್ರೈವರನ್ನೇ ನಂಬಿಕೊಂಡಿವೆ. ಅದರ ಮೂಲ ಆವೃತ್ತಿ 2015ರ ನಂತರ ಮುಂದುವರಿದಿಲ್ಲ. ಹೊಸ ಕರ್ನಲ್‌ಗೆ ಹೊಂದಿಸುವ ತೇಪೆಯ ಕೆಲಸವನ್ನು ಲಿನಕ್ಸ್ ವಿತರಣೆಗಳೇ ಮಾಡಿಕೊಂಡು ಬರುತ್ತಿವೆ.

ಡಬ್ಬಿಯ ಮೇಲಿನ ಮಾದರಿ ಹೆಸರು ಚಿಪ್ಪಿನ ಗುರುತಲ್ಲ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಡಾಂಗಲ್ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಎಆರ್9271 ಚಿಪ್ ಇತ್ತು. ಅದಕ್ಕೆ ಡ್ರೈವರ್ ಮಾತ್ರವಲ್ಲ, ಫರ್ಮ್‌ವೇರಿನ ಆಕರವನ್ನೂ 2013ರಲ್ಲಿ ಬಿಡುಗಡೆ ಮಾಡಲಾಯಿತು. ಪೂರ್ತಿ ಮುಕ್ತ ವೈಫೈ ಬೇಕೆನ್ನುವವರು ಆ ಡಾಂಗಲನ್ನು ಈಗಲೂ ಹುಡುಕಿ ಕೊಳ್ಳುತ್ತಾರೆ. ಎರಡನೆಯ ಆವೃತ್ತಿಯಿಂದ ಅದೇ ಹೆಸರು, ಅದೇ ಹೊರ ಆಕಾರದೊಳಗೆ ರಿಯಲ್‌ಟೆಕ್ ಚಿಪ್ ಬಂತು. ಹಳೆಯ ಶಿಫಾರಸು ಓದಿ ಹೊಸ ಡಾಂಗಲ್ ಕೊಂಡವರಿಗೆ ಸಿಗುವುದು ಬೇರೆಯೇ ಕಾರ್ಡ್.

ಚಾಲನೆಗೆ ತರುವ ಕ್ರಮ

ಮೊದಲ ಕೆಲಸ ಗುರುತಿಸುವುದು. ಒಳಗಿನ ಕಾರ್ಡಿಗೆ ಎನ್‌ಎನ್ ಆಯ್ಕೆಯ ಸಮೇತ ಎಲ್‌ಎಸ್‌ಪಿಸಿಐ, ಡಾಂಗಲಿಗೆ ಎಲ್‌ಎಸ್‌ಯುಎಸ್‌ಬಿ ಎಂಬ ಕಮಾಂಡನ್ನು ಟರ್ಮಿನಲ್‌ನಲ್ಲಿ ಕೊಟ್ಟರೆ ನಾಲ್ಕು ನಾಲ್ಕು ಅಕ್ಷರಗಳ ಜೋಡಿ ಸಂಖ್ಯೆ ದೊರೆಯುತ್ತದೆ. ಮೊದಲನೆಯದು ತಯಾರಕರದ್ದು, ಎರಡನೆಯದು ಚಿಪ್ಪಿನದು. ತಯಾರಕರ ಸಂಖ್ಯೆ 8086 ಆದರೆ ಇಂಟೆಲ್, 14ಇ4 ಬ್ರಾಡ್‌ಕಾಮ್, 168ಸಿ ಅಥೆರೋಸ್, 14ಸಿ3 ಮೀಡಿಯಾಟೆಕ್, 10ಇಸಿ ರಿಯಲ್‌ಟೆಕ್. ಯುಎಸ್‌ಬಿಯಲ್ಲಿ ರಿಯಲ್‌ಟೆಕ್‌ನ ಸಂಖ್ಯೆ 0ಬಿಡಿಎ. ನೆರವು ಕೇಳುವಾಗ ಈ ಜೋಡಿ ಸಂಖ್ಯೆಯನ್ನು ಕೊಡುವುದು ಕಂಪ್ಯೂಟರಿನ ಕಂಪನಿ ಹೆಸರು ಹೇಳುವುದಕ್ಕಿಂತ ಎಷ್ಟೋ ಉಪಯುಕ್ತ.

ಎಲ್‌ಎಸ್‌ಪಿಸಿಐಗೆ ಕೆ ಆಯ್ಕೆಯನ್ನು ಸೇರಿಸಿದರೆ ಆ ಕಾರ್ಡಿಗೆ ಯಾವ ಡ್ರೈವರ್ ಅಂಟಿಕೊಂಡಿದೆ ಎಂಬುದು ತಿಳಿಯುತ್ತದೆ. ಡ್ರೈವರ್ ಇದ್ದೂ ಜಾಲ ಕಾಣದಿದ್ದರೆ ಡಿಎಂಇಎಸ್‌ಜಿ ಕಮಾಂಡಿನಿಂದ ಕರ್ನಲ್ ದಾಖಲೆಯನ್ನು ಓದಬೇಕು. ಫರ್ಮ್‌ವೇರ್ ಕೊರತೆ ಅಲ್ಲಿ ಕಡತದ ಹೆಸರಿನ ಸಮೇತ ನಮೂದಾಗಿರುತ್ತದೆ. ಉಬುಂಟು, ಫೆಡೋರಾ ಮೊದಲಾದವು ಫರ್ಮ್‌ವೇರ್ ಸಂಗ್ರಹವನ್ನು ಆರಂಭದಲ್ಲೇ ಒಳಗೊಂಡಿವೆ. ಡೆಬಿಯನ್ ಬಹುಕಾಲ ಅದನ್ನು ಅನುಸ್ಥಾಪನೆಯ ಕಡತದಿಂದ ಹೊರಗಿಟ್ಟಿತ್ತು. ಸದಸ್ಯರ 2022ರ ಮತದಾನದ ನಂತರ, 2023ರ ಜೂನ್ 10ರಂದು ಬಂದ 12ನೆಯ ಆವೃತ್ತಿಯಿಂದ ಒಳಗೆ ಸೇರಿಸಿತು. ಹಳೆಯ ಕೈಪಿಡಿಗಳಲ್ಲಿ ಪೆನ್‌ಡ್ರೈವಿನಿಂದ ಫರ್ಮ್‌ವೇರ್ ಕೊಡುವ ವಿಧಾನ ವಿವರವಾಗಿರುವುದು ಈ ಕಾರಣಕ್ಕೆ.

ಫರ್ಮ್‌ವೇರ್ ಸರಿಯಿದ್ದರೆ ಆರ್‌ಎಫ್‌ಕಿಲ್ ಕಮಾಂಡಿನಿಂದ ರೇಡಿಯೊ ತಡೆಯಲ್ಪಟ್ಟಿದೆಯೇ ನೋಡಬೇಕು. ತಂತ್ರಾಂಶದ ತಡೆಯನ್ನು ಅದೇ ಕಮಾಂಡಿನಿಂದ ತೆಗೆಯಬಹುದು. ಯಂತ್ರಾಂಶದ ತಡೆ ಎಂದು ತೋರಿಸಿದರೆ ಲ್ಯಾಪ್‌ಟಾಪ್‌ನ ಸ್ವಿಚ್ ಅಥವಾ ಫಂಕ್ಷನ್ ಕೀಲಿಯನ್ನು ಒತ್ತಬೇಕು. ಕೆಲವು ಲೆನೊವೊ ಮಾದರಿಗಳಲ್ಲಿ ಸ್ವಿಚ್ಚೇ ಇಲ್ಲದಿದ್ದರೂ ಐಡಿಯಾಪ್ಯಾಡ್ ಮಾಡ್ಯೂಲ್ ತಪ್ಪಾಗಿ ತಡೆ ತೋರಿಸಿದ್ದುಂಟು. ಆಗ ಆ ಮಾಡ್ಯೂಲನ್ನು ತೆಗೆದುಹಾಕಿದರೆ ರೇಡಿಯೊ ಮರಳುತ್ತದೆ.

ಕೊನೆಯದು ಜಾಲ ಸೇರುವುದು. ಚಿತ್ರರೂಪದ ಪರದೆಯಲ್ಲಿ ವೈಫೈ ಚಿಹ್ನೆ ಒತ್ತಿ ಗುಪ್ತಪದ ಕೊಟ್ಟರಾಯಿತು. ಪರದೆಯಿಲ್ಲದ ಸರ್ವರಿನಲ್ಲಿ ಎನ್‌ಎಂಸಿಎಲ್‌ಐ ಕಮಾಂಡ್ ಅದೇ ಕೆಲಸ ಮಾಡುತ್ತದೆ. ಗ್ನೋಮ್ ಪರದೆಯ ಈ ಭಾಗಗಳು ಭಾಗಶಃ ಕನ್ನಡಕ್ಕೆ ಅನುವಾದಗೊಂಡಿವೆ, ಭಾಷೆಯಾಗಿ ಕನ್ನಡವನ್ನು ಆರಿಸಿದರೆ ಹಲವು ಸಂದೇಶಗಳು ಕನ್ನಡದಲ್ಲಿ ಬರುತ್ತವೆ. ಕಾರ್ಡಿನ ಹೆಸರು ಹಿಂದೆ ಡಬ್ಲ್ಯುಲ್ಯಾನ್0 ಎಂದಿರುತ್ತಿತ್ತು. 2013ರ ಸಿಸ್ಟಂಡಿ ಬದಲಾವಣೆಯ ನಂತರ, ಕಾರ್ಡ್ ಕೂತಿರುವ ಸ್ಥಾನವನ್ನು ಸೂಚಿಸುವ ಡಬ್ಲ್ಯುಎಲ್‌ಪಿ3ಎಸ್0 ರೀತಿಯ ಹೆಸರುಗಳು ಬಂದಿವೆ.

ಮುಖ್ಯ ಕರ್ನಲ್‌ನಲ್ಲಿ ಡ್ರೈವರ್ ಇಲ್ಲದಿದ್ದರೆ ಆಕರವನ್ನು ಹೊರಗಿನಿಂದ ತಂದು ಕಂಪೈಲ್ ಮಾಡಬೇಕು. ಬರಿದೇ ಕಂಪೈಲ್ ಮಾಡಿದ ಡ್ರೈವರ್ ಮುಂದಿನ ಕರ್ನಲ್ ನವೀಕರಣದಲ್ಲಿ ಕಾಣೆಯಾಗುತ್ತದೆ. ಡಿಕೆಎಂಎಸ್ ವ್ಯವಸ್ಥೆಯಲ್ಲಿ ನೋಂದಾಯಿಸಿದರೆ ಪ್ರತಿ ನವೀಕರಣದಲ್ಲೂ ತಾನಾಗಿ ಮತ್ತೆ ಕಂಪೈಲ್ ಆಗುತ್ತದೆ. ಸೆಕ್ಯೂರ್ ಬೂಟ್ ಜಾರಿಯಲ್ಲಿರುವ ಕಂಪ್ಯೂಟರಿನಲ್ಲಿ ಸಹಿಯಿಲ್ಲದ ಮಾಡ್ಯೂಲನ್ನು ಕರ್ನಲ್ ಒಪ್ಪುವುದಿಲ್ಲ. ಬಳಕೆದಾರ ತನ್ನದೇ ಸಹಿಕೀಲಿಯನ್ನು ಬೂಟ್ ಹಂತದಲ್ಲಿ ನೋಂದಾಯಿಸಬೇಕು, ಇಲ್ಲವೇ ಸೆಕ್ಯೂರ್ ಬೂಟನ್ನು ನಿಲ್ಲಿಸಬೇಕು.

ಕಂಪೈಲ್‌ಗೆ ಬೇಕಾದ ಪ್ಯಾಕೇಜುಗಳನ್ನು ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಬೇಕು. ಈ ಸುತ್ತಿನಿಂದ ಹೊರಬರಲು ಕೈಯಲ್ಲಿರುವ ಆಂಡ್ರಾಯ್ಡ್ ಫೋನೇ ಸಾಕು. ಫೋನನ್ನು ಕೇಬಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಲಿನಕ್ಸ್ ಅದನ್ನು ತಂತಿಯ ಜಾಲ ಕಾರ್ಡೆಂದೇ ಗುರುತಿಸುತ್ತದೆ, ಬೇರೆ ಡ್ರೈವರ್ ಬೇಕಾಗುವುದಿಲ್ಲ. ಬಳ್ಳಾರಿ ಸೀಮೆಯ ಹೊಸಪೇಟೆ, ಸಂಡೂರು, ಕಂಪ್ಲಿಯಂಥ ಊರುಗಳಲ್ಲಿ, ಅದರಲ್ಲೂ ಕೇಬಲ್ ಸಂಪರ್ಕವಿಲ್ಲದೆ ಮೊಬೈಲ್ ಡೇಟಾವನ್ನೇ ನೆಚ್ಚಿಕೊಂಡ ಮನೆಗಳಲ್ಲಿ, ಇದಕ್ಕಿಂತ ನೇರವಾದ ದಾರಿ ಇಲ್ಲ.

ಸಾಮಾನ್ಯ ತೊಡಕುಗಳು

ಕಡಿಮೆ ಬೆಲೆಯ ಕೆಲವು ರಿಯಲ್‌ಟೆಕ್ ಡಾಂಗಲುಗಳು ಚುಚ್ಚಿದೊಡನೆ ವೈಫೈ ಕಾರ್ಡಾಗಿ ಕಾಣಿಸದೆ ಸಿಡಿ ಡ್ರೈವ್ ಆಗಿ ಕಾಣಿಸಿಕೊಳ್ಳುತ್ತವೆ. ವಿಂಡೋಸ್ ಡ್ರೈವರನ್ನು ಡಾಂಗಲಿನೊಳಗೇ ಇಟ್ಟು ಮಾರುವುದು ಇದಕ್ಕೆ ಕಾರಣ. ಎಲ್‌ಎಸ್‌ಯುಎಸ್‌ಬಿಯಲ್ಲಿ 0ಬಿಡಿಎ:1ಎ2ಬಿ ಎಂದು ಕಂಡರೆ ಇದೇ ಸ್ಥಿತಿ. ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ತಂತ್ರಾಂಶ ಅದನ್ನು ವೈಫೈ ರೂಪಕ್ಕೆ ತಿರುಗಿಸುತ್ತದೆ.

ಆರ್‌ಟಿಎಲ್8723ಬಿಇ ಚಿಪ್ ಇರುವ ಎಚ್‌ಪಿ ಲ್ಯಾಪ್‌ಟಾಪ್‌ಗಳಲ್ಲಿ ಸಂಕೇತ ಬಹಳ ಕ್ಷೀಣವಾಗಿರುತ್ತದೆ ಎಂಬ ದೂರು ವ್ಯಾಪಕ. ಚಿಪ್ಪಿಗೆ ಎರಡು ಆಂಟೆನಾ ಕೊಂಡಿಗಳಿದ್ದು ಒಂದಕ್ಕೆ ಮಾತ್ರ ತಂತಿ ಜೋಡಿಸಿರುತ್ತಾರೆ; ಡ್ರೈವರ್ ಖಾಲಿ ಕೊಂಡಿಯನ್ನು ಆರಿಸಿಕೊಳ್ಳುತ್ತದೆ. ಮಾಡ್ಯೂಲಿನ ಎಎನ್‌ಟಿ-ಎಸ್‌ಇಎಲ್ ಎಂಬ ಆಯ್ಕೆಗೆ 1 ಅಥವಾ 2 ಎಂದು ಕೊಟ್ಟರೆ ಸಂಕೇತ ಸರಿಹೋಗುತ್ತದೆ.

ಆಗಾಗ ಸಂಪರ್ಕ ಕಡಿದುಹೋಗುವುದಕ್ಕೆ ವಿದ್ಯುತ್ ಉಳಿತಾಯದ ವ್ಯವಸ್ಥೆ ಕಾರಣವಾಗಿರಬಹುದು. ಐಡಬ್ಲ್ಯು ಕಮಾಂಡಿನಿಂದ ಅದನ್ನು ನಿಲ್ಲಿಸಿ ಪರೀಕ್ಷಿಸಬೇಕು. ಜಾಲ ಹುಡುಕುವಾಗ ನೆಟ್‌ವರ್ಕ್‌ಮ್ಯಾನೇಜರ್ ಕಾರ್ಡಿನ ವಿಳಾಸವನ್ನು ಬದಲಾಯಿಸುವುದು ಕೆಲವು ಡಾಂಗಲುಗಳಿಗೆ ಒಗ್ಗುವುದಿಲ್ಲ, ಅದನ್ನೂ ನಿಲ್ಲಿಸುವ ಆಯ್ಕೆ ಇದೆ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದರೆ ಅದರ ಫಾಸ್ಟ್ ಸ್ಟಾರ್ಟ್‌ಅಪ್ ಸೌಲಭ್ಯ ಕಾರ್ಡನ್ನು ಅರೆನಿದ್ರೆಯಲ್ಲಿ ಬಿಟ್ಟು ಹೋಗುವುದುಂಟು. ಯುಎಸ್‌ಬಿ 3.0 ಸಾಧನಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ ಎಂಬುದನ್ನು ಇಂಟೆಲ್ 2012ರಲ್ಲೇ ದಾಖಲಿಸಿದೆ. ಹಾರ್ಡ್‌ಡಿಸ್ಕಿನ ಪಕ್ಕದ ಕೊಂಡಿಯಲ್ಲಿರುವ ಡಾಂಗಲನ್ನು ಚಿಕ್ಕ ಕೇಬಲಿನಿಂದ ದೂರ ಸರಿಸಿದರೆ ವೇಗ ಹೆಚ್ಚಬಹುದು.

ಡ್ರೈವರಿನ ದೋಷವಲ್ಲದ್ದನ್ನು ಡ್ರೈವರಿನ ಮೇಲೆ ಹೊರಿಸುವುದೂ ಉಂಟು. 5 ಗಿಗಾಹರ್ಟ್ಸ್ ಅಲೆಗಳು 2.4 ಗಿಗಾಹರ್ಟ್ಸ್ ಅಲೆಗಳಿಗಿಂತ ಬೇಗ ಗೋಡೆಯಲ್ಲಿ ಕುಂದುತ್ತವೆ. ಹಂಪಿ, ಆನೆಗೊಂದಿ ಕಡೆಯ ದಪ್ಪ ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ ಒಂದು ಕೋಣೆಯಾಚೆಗೆ 5 ಗಿಗಾಹರ್ಟ್ಸ್ ಜಾಲ ಕಾಣದಿದ್ದರೆ ಕಾರ್ಡನ್ನು ಶಂಕಿಸುವ ಮೊದಲು ರೌಟರಿನ ಜಾಗ ಬದಲಿಸಬೇಕು. ತಗಡಿನ ಮಾಡು, ತಗಡಿನ ಗೋಡೆ ಎರಡೂ ಪಟ್ಟಿಗಳನ್ನು ತಡೆಯುತ್ತವೆ.

ತರಂಗಾಂತರ ಮತ್ತು ಕಾನೂನು

ಭಾರತ ಸರ್ಕಾರ 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. 5 ಗಿಗಾಹರ್ಟ್ಸ್‌ನಲ್ಲಿ 5150ರಿಂದ 5350 ಮತ್ತು 5470ರಿಂದ 5875 ಮೆಗಾಹರ್ಟ್ಸ್‌ವರೆಗಿನ ಒಟ್ಟು 605 ಮೆಗಾಹರ್ಟ್ಸ್ 2018ರ ಅಕ್ಟೋಬರಿನಲ್ಲಿ ಮುಕ್ತವಾಯಿತು. 6 ಗಿಗಾಹರ್ಟ್ಸ್ ಪಟ್ಟಿಯ ಕೆಳಭಾಗವನ್ನು (5925–6425 ಮೆಗಾಹರ್ಟ್ಸ್) ಮುಕ್ತಗೊಳಿಸುವ ಕರಡು ನಿಯಮ 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು.

ಪ್ರತಿ ದೇಶದ ಇಂಥ ನಿಯಮಗಳನ್ನು ಲಿನಕ್ಸ್ ಒಂದು ದತ್ತಸಂಚಯದಲ್ಲಿ ಇಟ್ಟುಕೊಂಡಿದೆ. 2018ರ ಜನವರಿಯ 4.15 ಆವೃತ್ತಿಯಿಂದ ಕರ್ನಲ್ ಅದನ್ನು ನೇರವಾಗಿ ಓದುತ್ತದೆ. ದೇಶ ಗೊತ್ತಿಲ್ಲದಿದ್ದರೆ ಎಲ್ಲೆಡೆ ಸಲ್ಲುವ ಅತಿ ಬಿಗಿಯಾದ ಮಿತಿಗಳು ಅನ್ವಯಿಸುತ್ತವೆ. ದೇಶಸಂಕೇತ ಅಮೆರಿಕದ್ದಾಗಿದ್ದರೆ ಭಾರತದಲ್ಲಿ ಬಳಸಬಹುದಾದ 12 ಮತ್ತು 13ನೆಯ ಚಾನಲ್‌ಗಳ ಜಾಲ ಕಾಣುವುದೇ ಇಲ್ಲ. ಐಡಬ್ಲ್ಯು ಕಮಾಂಡಿನಿಂದ ಐಎನ್ ಎಂಬ ಸಂಕೇತವನ್ನು ಕೊಟ್ಟರೆ ಇದು ಸರಿಹೋಗುತ್ತದೆ. ಇಂಟೆಲ್‌ನ ಇತ್ತೀಚಿನ ಕಾರ್ಡುಗಳು ಮಾತ್ರ ಬಳಕೆದಾರನ ಮಾತು ಕೇಳುವುದಿಲ್ಲ. ಸುತ್ತಲಿನ ರೌಟರುಗಳನ್ನು ಗಮನಿಸಿ ದೇಶವನ್ನು ತಾವೇ ನಿರ್ಧರಿಸುತ್ತವೆ. ರಾಸ್ಪ್‌ಬೆರಿ ಪೈಯಲ್ಲಿ ದೇಶವನ್ನು ಆರಿಸುವವರೆಗೆ ವೈಫೈ ತಡೆಹಿಡಿಯಲ್ಪಟ್ಟಿರುತ್ತದೆ.

ಗಾಳಿಯಲ್ಲಿ ಹಾಯುವ ಎಲ್ಲ ವೈಫೈ ಸಂಕೇತಗಳನ್ನೂ ದಾಖಲಿಸುವ ಮಾನಿಟರ್ ಮೋಡ್ ದೋಷ ಪರೀಕ್ಷೆಗೆ, ಬೋಧನೆಗೆ ಬೇಕಾದುದೇ. ಅನುಮತಿಯಿಲ್ಲದೆ ಇನ್ನೊಬ್ಬರ ಜಾಲಕ್ಕೆ ನುಗ್ಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೆಯ ಸೆಕ್ಷನ್‌ಗಳ ಅಡಿಯಲ್ಲಿ ಬರುತ್ತದೆ.

ಬಳಕೆ

ಮನೆ, ಕಚೇರಿಯ ಸಂಪರ್ಕವನ್ನು ಬಿಟ್ಟರೆ, ಲಿನಕ್ಸ್ ವೈಫೈನ ಹಿರಿಯ ಬಳಕೆ ರೌಟರುಗಳಲ್ಲಿದೆ. ಲಿಂಕ್‌ಸಿಸ್ 2002ರ ಡಿಸೆಂಬರಿನಲ್ಲಿ ತಂದ ಡಬ್ಲ್ಯುಆರ್‌ಟಿ54ಜಿ ರೌಟರಿನೊಳಗೆ ಲಿನಕ್ಸ್ ಇರುವುದು ಬಯಲಾಗಿ, ಆಕರ ಕೊಡಬೇಕೆಂಬ ಜಿಪಿಎಲ್ ಷರತ್ತಿನಂತೆ 2003ರಲ್ಲಿ ಅದರ ಆಕರ ಹೊರಬಂತು. ಅದರಿಂದ 2004ರಲ್ಲಿ ರೌಟರುಗಳಿಗೆಂದೇ ಇರುವ ಲಿನಕ್ಸ್ ವಿತರಣೆ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಧರ್ಮಶಾಲಾದ ಏರ್‌ಜಲ್ದಿ ಜಾಲ ಇಂಥ ರೌಟರುಗಳಿಂದಲೇ ಹಿಮಾಲಯದ ತಪ್ಪಲಿನ ಹಳ್ಳಿಗಳನ್ನು ಜೋಡಿಸಿತು.

ಐಐಟಿ ಕಾನ್ಪುರದ ಡಿಜಿಟಲ್ ಗ್ಯಾಂಜೆಟಿಕ್ ಪ್ಲೇನ್ಸ್ ಯೋಜನೆ, ನೂರಿನ್ನೂರು ಮೀಟರಿಗೆಂದು ರೂಪಿಸಿದ ವೈಫೈಯನ್ನು ಹಲವು ಕಿಲೋಮೀಟರ್ ದೂರಕ್ಕೆ ಕೊಂಡೊಯ್ಯುವುದನ್ನು 2002ರಿಂದ ಪ್ರಯೋಗಿಸಿತು. ಬರ್ಕ್ಲಿ ವಿಶ್ವವಿದ್ಯಾಲಯದ ತಂಡ ತಮಿಳುನಾಡಿನ ಥೇಣಿಯಲ್ಲಿ ಅರವಿಂದ ಕಣ್ಣಾಸ್ಪತ್ರೆಯನ್ನು ಹಳ್ಳಿಯ ಕೇಂದ್ರಗಳಿಗೆ ಜೋಡಿಸಿತು. ಪಟ್ಟಣದ ವೈದ್ಯರು ಹಳ್ಳಿಯ ರೋಗಿಯನ್ನು ಪರದೆಯ ಮೇಲೆ ನೋಡಿ ಸಲಹೆ ಕೊಡುವಂತಾಯಿತು. ದೂರದ ಕೊಂಡಿಯಲ್ಲಿ ಮಾರುತ್ತರ ಬರುವುದು ತಡವಾದಾಗ ಮಾಮೂಲಿ ವೈಫೈ ಅದನ್ನು ನಷ್ಟವೆಂದು ಎಣಿಸಿ ಮತ್ತೆ ಮತ್ತೆ ಕಳಿಸುತ್ತದೆ. ಆ ಕಾಲಮಿತಿಯನ್ನು ಹಿಗ್ಗಿಸಲು ಡ್ರೈವರಿನ ಆಕರ ಕೈಯಲ್ಲಿರಬೇಕು. ಲಿನಕ್ಸ್ ಇಲ್ಲಿ ಅನಿವಾರ್ಯವಾದುದು ಈ ಕಾರಣದಿಂದ. ಇಂಥ ಕೊಂಡಿಗೆ ಎರಡು ತುದಿಗಳ ನಡುವೆ ನೇರ ನೋಟವೂ ಬೇಕು. ಕಂಪ್ಲಿಯ ಕಡೆಯ ತುಂಗಭದ್ರೆಯ ಬಯಲಿನಲ್ಲಿ ಅದು ಸುಲಭ. ಸುತ್ತ ಬೆಟ್ಟಗಳಿರುವ ಸಂಡೂರು ಕಣಿವೆಯಿಂದ ವಡ್ಡು, ತೋರಣಗಲ್ಲಿನ ಕಡೆಗಾದರೆ ಬೆಟ್ಟದ ನೆತ್ತಿಯಲ್ಲೊಂದು ನಡುನಿಲ್ದಾಣ ಬೇಕಾಗುತ್ತದೆ.

ಕರ್ನಾಟಕದಲ್ಲಿ ಜನಸ್ತು ಸಂಸ್ಥೆ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಆಸುಪಾಸಿನಲ್ಲಿ, ಊರಿನವರೇ ನಡೆಸುವ ವೈಫೈ ಮೆಶ್ ಜಾಲವನ್ನು ಮುಕ್ತ ತಂತ್ರಾಂಶದಿಂದ ಕಟ್ಟಿದೆ. ಇಂಟರ್ನೆಟ್ ಇಲ್ಲದಾಗಲೂ ಊರೊಳಗಿನ ಧ್ವನಿಮುದ್ರಿಕೆ, ಪಾಠಗಳು ಇಂಥ ಜಾಲದಲ್ಲಿ ದೊರೆಯುತ್ತವೆ.

ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಲಿನಕ್ಸ್ ಅತಿ ವ್ಯವಸ್ಥಿತವಾಗಿ ನೆಲೆಯೂರಿರುವುದು ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ. ಕೇರಳದ ಐಟಿ@ಸ್ಕೂಲ್ ಯೋಜನೆ ಶಾಲಾ ಕಂಪ್ಯೂಟರ್ ಶಿಕ್ಷಣವನ್ನು ಮುಕ್ತ ತಂತ್ರಾಂಶಕ್ಕೆ ಒಯ್ದಿತು. 2017ರಲ್ಲಿ ಅದು ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಉಬುಂಟು ಆಧರಿಸಿದ ತನ್ನದೇ ಲಿನಕ್ಸ್ ವಿತರಣೆಯನ್ನು ಕೈಟ್ ಹೊರತರುತ್ತದೆ, ಐಟಿ ಪಠ್ಯಪುಸ್ತಕವನ್ನು ಕನ್ನಡದಲ್ಲೂ ಕೊಡುತ್ತದೆ. ಇಡೀ ರಾಜ್ಯ ಒಂದೇ ವ್ಯವಸ್ಥೆಯನ್ನು ಬಳಸುವಾಗ ವೈಫೈ ಕಾರ್ಡಿನ ಪ್ರಶ್ನೆಯನ್ನು ಲ್ಯಾಪ್‌ಟಾಪ್ ಖರೀದಿಯ ಹಂತದಲ್ಲೇ ಬಗೆಹರಿಸಲು ಬರುತ್ತದೆ; ಅದು ಒಬ್ಬೊಬ್ಬ ಶಿಕ್ಷಕರ ತಲೆನೋವಾಗಬೇಕಿಲ್ಲ. ಶಾಲೆಗಳಿಗೆ ಕಂಪ್ಯೂಟರ್ ಕೊಳ್ಳುವ ಯಾವುದೇ ಸರ್ಕಾರ ಅನುಸರಿಸಬೇಕಾದ ಕ್ರಮ ಇದು.

ಈಗಿನ ಸ್ಥಿತಿ

ಲ್ಯಾಪ್‌ಟಾಪ್‌ಗಳೊಳಗಿನ ಇಂಟೆಲ್, ಮೀಡಿಯಾಟೆಕ್, ಕ್ವಾಲ್‌ಕಾಮ್ ಹಾಗೂ ಹೊಸ ರಿಯಲ್‌ಟೆಕ್ ಕಾರ್ಡುಗಳಿಗೆ ಮುಖ್ಯ ಕರ್ನಲ್‌ನಲ್ಲೇ ಡ್ರೈವರ್ ಇದೆ. ಹೊಚ್ಚ ಹೊಸ ಲ್ಯಾಪ್‌ಟಾಪ್‌ಗೆ ಎರಡು ಮೂರು ವರ್ಷ ಹಳೆಯ ವಿತರಣೆಯನ್ನು ಹಾಕಿದಾಗ ಕಾರ್ಡ್ ಕಾಣದಿರುವುದು ಈಗ ಉಳಿದಿರುವ ಸಾಮಾನ್ಯ ತೊಂದರೆ. ಕರ್ನಲ್ ಮತ್ತು ಫರ್ಮ್‌ವೇರ್ ಸಂಗ್ರಹ ಎರಡನ್ನೂ ಒಟ್ಟಿಗೆ ನವೀಕರಿಸಬೇಕು. ಅಗ್ಗದ ಡಾಂಗಲುಗಳ ಸ್ಥಿತಿ ಇಷ್ಟು ಚೆನ್ನಾಗಿರಲಿಲ್ಲ. ಆದರೆ ಆರ್‌ಟಿಡಬ್ಲ್ಯು88 ಡ್ರೈವರಿಗೆ 2023ರಿಂದ ಯುಎಸ್‌ಬಿ ಬೆಂಬಲ ಸೇರಿ, ಬಹುಕಾಲ ಹೊರಗಿನ ಡ್ರೈವರನ್ನೇ ನೆಚ್ಚಿಕೊಂಡಿದ್ದ ಹಲವು ರಿಯಲ್‌ಟೆಕ್ ಚಿಪ್ಪುಗಳು ಒಂದೊಂದಾಗಿ ಒಳಗೆ ಬರುತ್ತಿವೆ. ಫರ್ಮ್‌ವೇರ್ ಮಾತ್ರ, ಎಆರ್9271ರಂಥ ಬೆರಳೆಣಿಕೆಯ ಚಿಪ್ಪುಗಳನ್ನು ಬಿಟ್ಟು, ಎಲ್ಲ ತಯಾರಕರದ್ದೂ ಆಕರವಿಲ್ಲದ ಕಡತವಾಗಿಯೇ ಉಳಿದಿದೆ.

ವೈಫೈ 7 ಎಂದು ಕರೆಯುವ 802.11ಬಿಇ ಕಾರ್ಡುಗಳಿಗೆ ಐಡಬ್ಲ್ಯುಎಲ್‌ವೈಫೈ, ಎಟಿಎಚ್12ಕೆ, ಎಂಟಿ76 ಮತ್ತು ಆರ್‌ಟಿಡಬ್ಲ್ಯು89 ಡ್ರೈವರುಗಳು ಬೆಂಬಲ ನೀಡುತ್ತವೆ. ಏಕಕಾಲಕ್ಕೆ ಎರಡು ಪಟ್ಟಿಗಳಲ್ಲಿ ಸಂಪರ್ಕ ಹೊಂದುವ ಈ ಪೀಳಿಗೆಯ ಕಾರ್ಡುಗಳನ್ನು 1996ರ ವೈರ್‌ಲೆಸ್ ಎಕ್ಸ್‌ಟೆನ್ಷನ್ಸ್ ವಿವರಿಸಲಾರದು. ಹಳೆಯ ಸಂಪರ್ಕಸೂತ್ರವನ್ನು ಬಳಸುವ ಪ್ರೋಗ್ರಾಂಗಳಿಗೆ ಕರ್ನಲ್ ಈಗ ಎಚ್ಚರಿಕೆ ನೀಡುತ್ತದೆ, ವೈಫೈ 7 ಕಾರ್ಡಿನ ಮುಂದೆ ಐಡಬ್ಲ್ಯುಕಾನ್ಫಿಗ್ ಕೆಲಸಮಾಡುವುದಿಲ್ಲ. ಅದರ ಬದಲಿಗೆ ಐಡಬ್ಲ್ಯು ಅಥವಾ ಎನ್‌ಎಂಸಿಎಲ್‌ಐಯನ್ನು ಬಳಸಬೇಕು.